ಬಿಸಿನೀರಿಗೆ ಇಳಿದ ಪೆನ್ನು

ಗೋಕಾಕದ ಪೇಟೆಯಲ್ಲಿ ಗಡಿಯಾರ, ಚಷ್ಮಾ, ಶಾಯಿಪೆನ್ನು ಮೂರನ್ನೂ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ನಾನು ಅವರನ್ನು ಚಾಚಾ ಎನ್ನುತ್ತೇನೆ. ಮೂಡಲಗಿಯ ವರದಿಗಾರನಾಗಿ ಸೇರಿದಂದಿನಿಂದ ತಿಂಗಳಿಗೊಂದು ರವಿವಾರ ಬಸ್ಸು ಹಿಡಿದು ಪೆನ್ನು ತೊಳೆಸಲು ಅವರಲ್ಲಿಗೆ ಹೋಗುವುದು ನನ್ನ ರೂಢಿ. ಸುದ್ದಿಯನ್ನು ಈಗ ಮೊಬೈಲಿನಲ್ಲೇ ಟೈಪ್ ಮಾಡಿ ಕಳಿಸುತ್ತೇನೆ. ಸಭೆಗಳಲ್ಲಿ ಟಿಪ್ಪಣಿ ಬರೆದುಕೊಳ್ಳುವುದು ಮಾತ್ರ ಇಂದಿಗೂ ನನ್ನ ಹಳೆಯ ಕಪ್ಪು ಶಾಯಿಪೆನ್ನಿನಲ್ಲಿ.

ಪೆನ್ನು ಕೊಟ್ಟು ಅಂಗಡಿಯಲ್ಲಿದ್ದ ಒಂದೇ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಚಾಚಾ ನನಗೆ ಬೆನ್ನು ಮಾಡಿ ನಿಬ್ಬು ಕಳಚಿ ತೊಳೆದು, ಒರೆಸಿ, ಶಾಯಿ ತುಂಬಿ ಕೊಡುತ್ತಿದ್ದರು. ಹೇಗೆ ತೊಳೆಯುತ್ತೀರಿ ಎಂದು ಒಮ್ಮೆ ಕೇಳಿದ್ದೆ.

"ನೀವು ಚಹಾ ಕುಡೀರಿ ಸಾಹೇಬ್ರ. ಕೈ ಯಾಕ ಹೊಲಸ ಮಾಡ್ಕೋತೀರಿ?"

ಅದನ್ನು ಗೌರವವೆಂದೇ ತಿಳಿದಿದ್ದೆ.

ಈ ಮಳೆಗಾಲದ ಒಂದು ರವಿವಾರ ಹೋದಾಗ ಆ ಸ್ಟೂಲಿನ ಮೇಲೆ ನಮ್ಮದೇ ಪತ್ರಿಕೆಯ ಹುಕ್ಕೇರಿ ವರದಿಗಾರ್ತಿ ಕೂತಿದ್ದಳು. ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ಸ್ಟೂಲನ್ನು ಮೇಜಿನ ಒಳಬದಿಗೆ, ಚಾಚಾನ ಪಕ್ಕಕ್ಕೇ ಎಳೆದುಕೊಂಡಿದ್ದಳು. ಅವಳ ಪೆನ್ನು ಬಿಡಿಬಿಡಿಯಾಗಿ ಅವಳ ಕೈಯಲ್ಲೇ ಇತ್ತು.

"ನಿಬ್ಬ ತಿರುವಬ್ಯಾಡವ್ವಾ, ಸೀದಾ ಎಳಿ," ಎಂದರು ಚಾಚಾ. "ಈಗ ಪಿಚಕಾರಿಲೆ ನೀರು ಬಿಡು. ತಿಳಿನೀರು ಬರೂತನಕ ಬಿಡಬೇಕು."

"ಇನ್ನೂ ನೀಲಿನ ಬರಾಕತ್ತೈತಿ ಚಾಚಾ."

"ಬರಲಿ. ನಿನ್ನ ಬಸ್ಸೇನ ಹೊಂಟೈತೇನು?"

ನನ್ನನ್ನು ಕಂಡು ಅವಳು ಎದ್ದಳು. "ಕೂಡ್ರಿ ಸರ್." ಚಾಚಾ ಎಂದಿನಂತೆ ನನ್ನ ಪೆನ್ನಿಗಾಗಿ ಕೈ ಚಾಚಿದರು.

"ಸರಿ ಬರೀತೈತ್ರಿ, ತೊಳಿಯೂದು ಬ್ಯಾಡ," ಎಂದು ಸುಳ್ಳು ಹೇಳಿ ಹೊರಟುಬಂದೆ. ಪೆನ್ನು ಎರಡು ದಿನದಿಂದ ಬಿಟ್ಟುಬಿಟ್ಟು ಬರೆಯುತ್ತಿತ್ತು. ಅವಳ ವರದಿ ಮುಖಪುಟಕ್ಕೆ ಬಂದ ದಿನವೂ ನನಗೆ ಇಷ್ಟು ಹೊಟ್ಟೆ ಉರಿದಿರಲಿಲ್ಲ.

ಮನೆಯಲ್ಲಿ ನಾನೇ ತೊಳೆಯಲು ಕೂತೆ. ಒಣಗಿದ ಶಾಯಿ ಬಿಸಿಗೆ ಬೇಗ ಬಿಟ್ಟೀತೆಂದು, ಚಹಾಕ್ಕೆ ಕುದಿಯುತ್ತಿದ್ದ ನೀರನ್ನು ಲೋಟಕ್ಕೆ ಸುರಿದು ಪೆನ್ನನ್ನು ಅದರಲ್ಲಿ ನಿಲ್ಲಿಸಿದೆ. ಪೇಪರ್ ಓದಿ ಬರುವಷ್ಟರಲ್ಲಿ ಶಾಯಿ ಬಿಟ್ಟಿತ್ತು, ಬಣ್ಣವೂ ಬಿಟ್ಟಿತ್ತು. ನೀರಿನಲ್ಲಿದ್ದ ಅರ್ಧಭಾಗ ಹಳೆಯ ಚಪ್ಪಲಿಯ ಕಂದು ಬಣ್ಣಕ್ಕೆ ತಿರುಗಿತ್ತು, ಮೇಲಿನ ಅರ್ಧ ಕಪ್ಪಾಗಿಯೇ ಇತ್ತು. ಗಟ್ಟಿ ರಬ್ಬರಿನ ಪೆನ್ನಿಗೆ ಬಿಸಿನೀರು ಆಗದು ಎಂಬಷ್ಟೂ ನನಗೆ ಗೊತ್ತಿರಲಿಲ್ಲ.

ಮುಂದಿನ ರವಿವಾರ ಚಾಚಾ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಬಿಸಿನೀರು ಹಾಕಂತ ಯಾರ ಹೇಳಿದ್ರು ನಿಮಗ?"

"ಯಾರೂ ಹೇಳಿಲ್ರಿ. ಆಕಿಗಾದ್ರ ಕಲಿಸಿದ್ರಿ. ನನಗ್ಯಾಕ ಕಲಿಸಲಿಲ್ಲ?"

ಅವರು ಎಣ್ಣೆ ಬಟ್ಟೆಯಿಂದ ಪೆನ್ನನ್ನು ತಿಕ್ಕುತ್ತಲೇ ಇದ್ದರು. ಬಣ್ಣ ತಿರುಗಿ ಬರಲಿಲ್ಲ.

"ಆಕಿ ಹುಕ್ಕೇರಿಂದ ಬಂದ್ರ ಬಂದ್ಲು, ಇಲ್ಲಂದ್ರ ಇಲ್ಲ. ನಿಮಗ ಕಲಿಸಿದ್ರ ನೀವು ರವಿವಾರ ಮೂಡಲಗ್ಯಾಗ ಕುಂದ್ರತಿದ್ರಿ. ನಾ ಯಾರ ಜೋಡಿ ಚಹಾ ಕುಡೀಲಿ?"

ಚಹಾ ಬಂತು. ಕುಡಿದೆವು. ಕಲಿಸಿರೆಂದು ಮತ್ತೆ ಕೇಳಲಿಲ್ಲ. ಹೊಟ್ಟೆಯುರಿ ಅಲ್ಲಿಗೆ ಮುಗಿಯಿತೆಂದು ಬರೆದರೆ ಸುಳ್ಳಾಗುತ್ತದೆ.

ಕಳೆದ ವಾರ ಗೋಕಾಕದಲ್ಲಿ ಮೂರೂ ತಾಲೂಕಿನ ರೈತರ ಸಭೆಗೆ, ನಮ್ಮ ನಮ್ಮ ತಾಲೂಕಿನ ಪುಟಕ್ಕೆ ಬರೆಯಲು ಇಬ್ಬರೂ ಹೋಗಿದ್ದಾಗ ಅವಳು ನನ್ನ ಬಾಜೂ ಕೂತಳು. ನನ್ನ ಪೆನ್ನು ನೋಡಿದಳು.

"ಏನಾತ್ರಿ ಸರ್, ಬಿಸಿನೀರಾಗ ಇಟ್ಟಿದ್ರೇನು?"

"ಬಿಸಿಲಿಗೆ ಹಂಗಾಗೈತಿ."

"ಬಿಸಿಲಿಗೆ ಹಿಂಗ ನಡುವ ಗೆರಿ ಕೊರದಂಗ ಆಗೂದಿಲ್ರಿ," ಎಂದು ತನ್ನ ಟಿಪ್ಪಣಿಗೆ ಮರಳಿದಳು.

ಅವಳ ಪೆನ್ನು ತುದಿಯಿಂದ ತುದಿಗೆ ಕಪ್ಪಗಿತ್ತು. ಸಭೆ ಮುಗಿಯುವವರೆಗೂ ಅದನ್ನೇ ನೋಡಿದೆ. ಆ ದಿನದ ನನ್ನ ವರದಿಯಲ್ಲಿ ಒಂದು ಠರಾವು ಬಿಟ್ಟುಹೋಗಿದೆ. ಅವಳದರಲ್ಲಿ ಇದೆ.