ಬೀದಿದೀಪಕ್ಕೆ ಹೊಲಿದ ಟೋಪಿ

ಮೂಲೆಮನೆ ಟೈಲರನ್ನು ಬೀದಿಯವರೆಲ್ಲ ‘ಗ್ರಹಾಚಾರ’ ಎಂದೇ ಕರೆಯುತ್ತಿದ್ದರು. ಹಗಲೆಲ್ಲ ಗಿರಾಕಿಗಳ ಸೊಂಟ ಅಳೆಯುವ ಮನುಷ್ಯ ಕತ್ತಲಾದೊಡನೆ ದೂರದರ್ಶಕ ಹೊತ್ತು ತಾರಸಿ ಹತ್ತಿ, ಗ್ರಹ ನಕ್ಷತ್ರ ನೋಡುತ್ತ ಕೂತರೆ ಜನ ಇನ್ನೇನು ಹೆಸರಿಡಬೇಕು ಹೇಳಿ! ಆ ದೂರದರ್ಶಕವೋ, ಎಲ್ಲವನ್ನೂ ತಲೆಕೆಳಗಾಗಿಯೇ ತೋರಿಸುತ್ತಿತ್ತು. “ಆಕಾಶದಲ್ಲಿ ಮೇಲೇನು, ಕೆಳಗೇನು?” ಎಂದು ಅವನ ಸಮಜಾಯಿಷಿ ಬೇರೆ.

ಅವನ ಜೀವವೆಲ್ಲ ಒಂದು ಮಸುಕು ಚುಕ್ಕೆಯ ಮೇಲಿತ್ತು. ಬಟ್ಟೆಯ ಮೇಲೆ ಅರ್ಧ ಅಳಿಸಿದ ಸೀಮೆಸುಣ್ಣದ ಗುರುತಿನ ಹಾಗೆ ಕಾಣುವ ಅದು ಇನ್ನೊಂದು ನಕ್ಷತ್ರಲೋಕವೇ ಅಂತೆ. ಮಳೆಗಾಲ ಮುಗಿಯುವುದನ್ನೇ ಬಾಯಿಬಿಟ್ಟುಕೊಂಡು ಕಾದಿದ್ದ. ಆಕಾಶವೇನೋ ತಿಳಿಯಾಯಿತು. ಅದೇ ವಾರ ನಗರಸಭೆಯವರು ಬಂದು, ಅವನ ತಾರಸಿಯ ಮೋಟುಗೋಡೆಯಿಂದ ಕೈಗೆಟಕುವಷ್ಟು ಹತ್ತಿರ ಹೊಸ ದೀಪ ಹಾಕಿ ಹೋದರು. ಬೆಳಕು ಬೀದಿಗಿಂತ ಹೆಚ್ಚಾಗಿ ಆಕಾಶಕ್ಕೇ ಹೋಗುತ್ತಿತ್ತು. ಚುಕ್ಕೆಯ ಸುಳಿವೇ ಇಲ್ಲ.

“ಯಾವ ಮಹಾನುಭಾವ ಅರ್ಜಿ ಕೊಟ್ನೋ! ಕೈಗೆ ಸಿಗಲಿ, ಜೇಬೇ ಇಲ್ಲದ ಪ್ಯಾಂಟು ಹೊಲಿದು ಕೊಡ್ತೀನಿ!” ಎಂದು ತಟ್ಟೆಯ ಮುಂದೆ ಕೂಗಾಡಿದ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿ, “ಇನ್ನೊಂಚೂರು ಬಡಿಸ್ಲಾ?” ಎಂದಳು, ಅಷ್ಟೇ.

ಮಾರನೆಯ ದಿನ ಅಂಗಡಿ ಬೇಗ ಮುಚ್ಚಿ, ಯಾರದೋ ಕೋಟಿಗೆಂದು ತಂದಿದ್ದ ದಪ್ಪ ಕಪ್ಪು ಬಟ್ಟೆಯಲ್ಲಿ ಚೀಲ ಹೊಲಿದ. ಸಂಜೆ ಅದನ್ನು ದೀಪದ ತಲೆಗೆ ತೊಡಿಸಿ ಲಾಡಿ ಬಿಗಿದ. ಬೀದಿ ಗವ್ವೆಂದಿತು. ಚುಕ್ಕೆ ಬಂತು! ಟೈಲರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಅಷ್ಟರಲ್ಲಿ ಕೆಳಗೆ ಚರಂಡಿಯಿಂದ “ಅಯ್ಯಯ್ಯೋ!” ಎಂಬ ದನಿ. ಬಲು ಪರಿಚಯದ ದನಿ.

ಕಾಲು ಉಳುಕಿದ ಹೆಂಡತಿಯನ್ನು ಎತ್ತಿ ಜಗಲಿಯ ಮೇಲೆ ಕೂರಿಸಿದ. ಅವಳು ಕತ್ತೆತ್ತಿ ದೀಪ ನೋಡಿದಳು.

“ಅದೇನ್ರೀ ಅದು? ನೇಣಿಗೆ ಹಾಕೋರಿಗೆ ಮುಸುಕು ಹಾಕ್ದಂಗೆ!”

ಟೈಲರು ತಲೆ ತಗ್ಗಿಸಿ ಅವಳ ಚಪ್ಪಲಿಯ ಕೆಸರು ಒರೆಸತೊಡಗಿದ.

“ಅರ್ಜಿ ಕೊಟ್ಟ ಮಹಾನುಭಾವ ನಾನೇ ಕಣ್ರೀ. ದಿನಾ ಡ್ಯೂಟಿ ಮುಗಿಸಿ ಈ ಕತ್ತಲಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ಬರ್ತಿದ್ದೆ. ನಿಮಗೆ ಲಕ್ಷಾಂತರ ವರ್ಷ ಹಳೇ ಬೆಳಕು ಕಾಣುತ್ತೆ, ಬೀದೀಲಿ ಬರೋ ಹೆಂಡ್ತಿ ಕಾಣಲ್ಲ!”

ಅವನಿಗೆ ನಾಚಿಕೆಯಿಂದ ನೆಲ ಬಿರಿದು ಒಳಗೆ ಹೋಗಬಾರದೇ ಎನ್ನಿಸಿತು. ಚೀಲ ಕಿತ್ತೆಸೆದ. ಅವಳ ಕಾಲಿಗೆ ತಾನೇ ಪಟ್ಟಿ ಸುತ್ತಿದ. ಕೆಲವು ದಿನ ತಾರಸಿಯತ್ತ ತಲೆಯೇ ಹಾಕಲಿಲ್ಲ.

ಆದರೆ ಚಟ ಎಲ್ಲಿ ಬಿಡುತ್ತದೆ? ಒಂದು ಮಧ್ಯಾಹ್ನ ಟೇಪು ಹಿಡಿದು ದೀಪದ ಸುತ್ತಳತೆ ತೆಗೆದ. ಈ ಸಲ ಹೊಲಿದದ್ದು ಟೋಪಿ. ಮೇಲೂ ಪಕ್ಕಕ್ಕೂ ಕಪ್ಪು ಬಟ್ಟೆ, ಒಳಗೆ ಹೊಳೆಯುವ ಬಿಳಿ ಸ್ಯಾಟಿನ್ ಅಸ್ತರು, ಅಂಚಿಗೆ ತಂತಿ, ಕೆಳಗೆ ಪೂರಾ ಬಯಲು. ಸಂಜೆ ಬೆಳಕೆಲ್ಲ ಬೀದಿಗೇ ಸುರಿಯಿತು. ಚರಂಡಿಯ ಕಲ್ಲು ಕಲ್ಲೂ ಕಂಡಿತು. ಮೇಲೆ ಕತ್ತಲು ಕತ್ತಲಾಗಿಯೇ ಉಳಿಯಿತು.

ಹೆಂಡತಿ ಮತ್ತೆ ಕೆಲಸಕ್ಕೆ ಹೋದ ದಿನ, ಮರಳುವಾಗ ದೀಪದ ಕೆಳಗೆ ನಿಂತು ತಾರಸಿ ನೋಡಿದಳು. ಆಕಾಶದ ತುಂಬ ನಕ್ಷತ್ರ. ದೂರದರ್ಶಕ ಮಾತ್ರ ಬೀದಿಯತ್ತ ಬಗ್ಗಿತ್ತು.

“ರೀ, ನಿಮ್ಮ ಚುಕ್ಕೆ ಮೇಲಿದೆ! ಇಲ್ಲೇನ್ ನೋಡ್ತಿದ್ದೀರಿ?”

“ನೀನು ಬರೋದನ್ನ.”

“ಹೇಗ್ ಕಾಣ್ತೀನಿ?”

“ತಲೆಕೆಳಗಾಗಿ. ಈಗಲೂ ಸ್ವಲ್ಪ ಕುಂಟ್ತಿದ್ದೀಯ ಕಣೇ. ನಿಧಾನಕ್ಕೆ ಬಾ. ನೀನು ಒಳಗೆ ಬಂದ್ಮೇಲೆ ಅದನ್ನ ನೋಡ್ತೀನಿ.”