ಸನ್ಮಾನದ ಹೊತ್ತಿಗೆ ನಾದಿದ ಹಿಟ್ಟು

ನಮ್ಮ ಕಡೆ ಒಂದು ನಾಟಕವಾಗಬೇಕಾದರೆ ಮೊದಲು ಸಿಗಬೇಕಾದವರು ನಟರಲ್ಲ, ಮುಖ್ಯ ಅತಿಥಿಗಳು. ಅವರ ತಾರೀಖು ಸಿಕ್ಕಮೇಲೆ ಸಭಾಭವನ, ಸಭಾಭವನ ಸಿಕ್ಕಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ. ಇಷ್ಟೆಲ್ಲ ಆಗಿ ಹೊತ್ತು ಉಳಿದರೆ ನಾಟಕ. ಇದನ್ನು ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ. ನನ್ನ ನಾದಿನಿಯ ನಾಟಕದ ದಿನ ರಂಗದ ಪಕ್ಕದ ಪರದೆಯ ಮರೆಯಲ್ಲಿ ಬಿಸಿನೀರಿನ ಥರ್ಮಾಸು ಹಿಡಿದುಕೊಂಡು ನಿಂತು ಕಣ್ಣಾರೆ ಕಂಡದ್ದು.

ನಾದಿನಿ, ಅಂದರೆ ನನ್ನ ಗಂಡನ ತಂಗಿ, ನನ್ನನ್ನು ವೈನಿ ಎನ್ನುವವಳು, ಇರುವುದು ಧಾರವಾಡದಲ್ಲಿ. ಪಕ್ಕದ ಹಳ್ಳಿ ಅಮ್ಮಿನಬಾವಿಯ ಶಾಲೆಯಲ್ಲಿ ಟೀಚರು. ಕಾಲೇಜಿನಲ್ಲಿದ್ದಾಗ ನಾಟಕ ಮಾಡುತ್ತಿದ್ದಳು, ಮದುವೆಯಾದ ಮೇಲೆ ಬಿಟ್ಟಳು, ಮಗಳ ಮದುವೆ ಮುಗಿಸಿ ಮತ್ತೆ ಹಿಡಿದಳು. ಈ ನಾಟಕ ಅವಳಿಗೆ ಸಿಕ್ಕಿದ್ದು ನಿವೃತ್ತ ಪ್ರಾಧ್ಯಾಪಕರೊಬ್ಬರಿಂದ. ನಮ್ಮ ಭಾಗದಲ್ಲಿ ಹುಟ್ಟಿ, ಮುಂಬೈಗೆ ಹೋಗಿ, ಹೊರದೇಶದಲ್ಲೂ ಹೆಸರು ಮಾಡಿದ ಚಿತ್ರಕಾರನೊಬ್ಬನ ಬದುಕನ್ನು ಅವರು ಏಕವ್ಯಕ್ತಿ ನಾಟಕವಾಗಿ ಬರೆದಿದ್ದರು. ರಂಗದ ಮೇಲೆ ಒಬ್ಬಳೇ ಹೆಂಗಸು, ಚಿತ್ರಕಾರನ ಹೆಂಡತಿ. ಅವಳೇ ಪೂರ್ತಿ ಮಾತಾಡಬೇಕು. ಏನು ಮಾತಾಡಬೇಕು? ಅವರು ಬಣ್ಣವನ್ನು ಪ್ರೀತಿಸಿದರು, ಅವರು ನಿದ್ದೆಗೆಟ್ಟರು, ಅವರು ಪ್ಯಾರಿಸ್ಸಿಗೆ ಹೋದರು. ಹಾಳೆ ತಿರುವಿದಂತೆಲ್ಲ ಅವರು, ಅವರು, ಅವರು. ಹೆಂಡತಿ ತನ್ನ ಬಗ್ಗೆ ಹೇಳಿಕೊಳ್ಳುವ ಮಾತು ಒಂದೇ: ‘ನಾನು ಅವರ ನೆರಳು.’

ಓದಿ ಮುಗಿಸಿ ನಾನು ಕೇಳಿದೆ, “ಅಲ್ಲವಾ, ಇಷ್ಟು ವರ್ಷ ಸಂಸಾರ ಮಾಡ್ಯಾಳ, ಈ ನಾಟಕದಾಗ ಈಕಿ ಒಮ್ಮಿನೂ ಊಟಾ ಮಾಡಂಗಿಲ್ಲೇನು?”

“ನೆರಳಿಗೆ ಹಸಿವಿ ಆಗಂಗಿಲ್ರಿ ವೈನಿ,” ಅಂದಳು.

ನಕ್ಕಳಾದರೂ ಅದು ಅವಳ ತಲೆಯಲ್ಲಿ ಕೊರೆಯತೊಡಗಿತು. ಆ ಚಿತ್ರಕಾರನಿಗೆ ಹೆಸರು ತಂದ ಚಿತ್ರ ಒಂದಿದೆ: ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ಹೆಂಗಸು. ಕುಳಿತವಳು ಅವನ ಹೆಂಡತಿಯೇ. ಪ್ರಾಧ್ಯಾಪಕರು ಆ ಚಿತ್ರದ ಕೆಂಪು ಬಣ್ಣದ ಮೇಲೆಯೇ ಎರಡು ಹಾಳೆ ಬರೆದಿದ್ದರು. ನಾದಿನಿ ಯೋಚಿಸಿದ್ದು ಬೇರೆ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಿದ ಮೇಲೆ ಬಿಸಿ ಇರುವಾಗಲೇ ಬಡಿಯಬೇಕು. ಆರಲು ಬಿಟ್ಟರೆ ಜಿಗಿ, ಅಂದರೆ ಅಂಟು, ಹೋಗುತ್ತದೆ, ಅಂಚು ಸೀಳುತ್ತದೆ. ಇದು ನಮ್ಮ ಕಡೆ ಅಡಿಗೆಮನೆ ಹೊಕ್ಕ ಎಲ್ಲರಿಗೂ ಗೊತ್ತು. ಹಾಗಾದರೆ ಗಂಡ ಚಿತ್ರ ಬರೆಯುವಷ್ಟು ಹೊತ್ತು ಅಲ್ಲಾಡದೆ ಕುಳಿತವಳ ಹಿಟ್ಟು ಏನಾಯಿತು? ಆ ದಿನ ಮನೆಯವರು ಉಂಡದ್ದು ಎಂಥ ರೊಟ್ಟಿ? ಇದನ್ನೇ ಹಿಡಿದು ಅವಳೊಂದು ಚಿಕ್ಕ ದೃಶ್ಯ ಕಟ್ಟಿದಳು. ರಂಗದ ಮೇಲೇ ಹಿಟ್ಟು ನಾದಿ, ರೊಟ್ಟಿ ಬಡಿಯುತ್ತ ಆ ದಿನದ ಕತೆ ಹೇಳುವುದು.

ತಾಲೀಮಿನಲ್ಲಿ ಪ್ರಾಧ್ಯಾಪಕರ ಮುಖ ಹುಳ್ಳಗಾಯಿತು. “ಅಲ್ರಿ ಮೇಡಮ್, ಮಹಾನ್ ಕಲಾಕೃತಿ ಬಗ್ಗೆ ಮಾತಾಡೂ ಮುಂದ ಹಿಟ್ಟಿನ ಸುದ್ದಿ ಯಾಕ ತರ್ತೀರಿ?”

“ಚಿತ್ರದಾಗ ಹಿಟ್ಟು ಐತಲ್ರಿ ಸರ್.”

“ಅದು ಹಿಟ್ಟಲ್ಲ. ಪ್ರತೀಕ.”

ಪ್ರತೀಕವನ್ನು ಹಂಚಿನ ಮೇಲೆ ಹಾಕಿದರೆ ಉಬ್ಬುತ್ತದೆಯೋ ಇಲ್ಲವೋ ಎಂದು ಕೇಳುವ ಮನಸ್ಸಾಗಿತ್ತು ನನಗೆ. ಪ್ರಾಧ್ಯಾಪಕರಿಗೆ ಬೇರೆ ದಾರಿಯಿರಲಿಲ್ಲ. ತಮ್ಮ ಅಷ್ಟುದ್ದದ ಮಾತುಗಳನ್ನು ಬಾಯಿಪಾಠ ಮಾಡುವ ಇನ್ನೊಬ್ಬ ಹೆಂಗಸು ಅವರಿಗೆ ಧಾರವಾಡದಲ್ಲೆಲ್ಲೂ ಸಿಕ್ಕಿರಲಿಲ್ಲ. “ಆತು, ಇಟ್ಕೊಳ್ರಿ. ಹೊತ್ತು ಸಾಲಲಿಲ್ಲಂದ್ರ ಮೊದಲು ಅದನ್ನ ತಗೀಬೇಕು ಮತ್ತ,” ಎಂದರು.

ಅಂದು ನಾದಿನಿ ನನಗೆ ಹೇಳಿದ್ದು ಇಷ್ಟೇ: “ಉಳದದ್ದೆಲ್ಲಾ ಅವರ ನಾಟಕ ವೈನಿ. ಇದೊಂದು ನಂದು. ಇದು ಹೋದ್ರ ನಾ ಬರೇ ಟೇಪ್ ರಿಕಾರ್ಡರ್.”

ನಾಟಕದ ದಿನ ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಮನೆಯಿಂದ ಹಿಟ್ಟು ನಾದುವ ಪರಾತ, ರೊಟ್ಟಿ ಹಲಗೆ, ಹಂಚು ಹೊತ್ತುಕೊಂಡು ಧಾರವಾಡದ ಬಸ್ಸು ಹತ್ತಿದೆ. ಕಂಡಕ್ಟರು ನನ್ನ ಚೀಲ ನೋಡಿ, “ಅಕ್ಕಾರ, ಖಾನಾವಳಿ ಹಾಕಾಕ ಹೊಂಟೀರೇನು?” ಅಂದ. “ಹೂನ್ರಿ, ಊಟ ಸಿಗಲಾರದ ಖಾನಾವಳಿ,” ಅಂದೆ. ನಿಜವೂ ಹೌದು. ಸಭಾಭವನದಲ್ಲಿ ಬೆಂಕಿ ಹಚ್ಚುವಂತಿಲ್ಲ ಎಂದು ಮಣ್ಣಿನ ಒಲೆಯೊಳಗೆ ಕೆಂಪು ಬಲ್ಬು ಇಟ್ಟಿದ್ದರು. ಹಿಟ್ಟು ಮಾತ್ರ ಖರೇ ಹಿಟ್ಟು, ಅಮ್ಮಿನಬಾವಿಯ ಬಿಳಿಜೋಳದ್ದು, ಅಂದು ಬೆಳಿಗ್ಗೆ ಬೀಸಿಸಿದ್ದು.

ಮುಖ್ಯ ಅತಿಥಿ ಬಂದಿರಲಿಲ್ಲ. ದಾರಿಯಲ್ಲಿದ್ದಾರೆ ಎಂದರು. ಏರ್ಪಾಡು ಮಾಡಿದ ಸಂಘದ ಕಾರ್ಯದರ್ಶಿ ಬಣ್ಣದ ಕೋಣೆಗೆ ಬಂದು, “ಮೇಡಮ್, ನೀವು ಚಾಲೂ ಮಾಡ್ರಿ. ಸಾಹೇಬ್ರು ಬಂದಕೂಡ್ಲೇ ಮಧ್ಯಂತರದಾಗ ಸನ್ಮಾನ ಮುಗಿಸಿಬಿಡೂಣು,” ಅಂದ.

“ಈ ನಾಟಕಕ್ಕ ಮಧ್ಯಂತರ ಇಲ್ರಿ.”

“ಇಲ್ಲಂದ್ರ ಇಟ್ಕೊಳ್ರಿ. ಅದಕ್ಕೇನಾಗತೈತಿ?”

ನಾಟಕ ಶುರುವಾಯಿತು. ನಾದಿನಿ ಒಲೆಯ ದೃಶ್ಯದವರೆಗಿನ ಪ್ರಾಧ್ಯಾಪಕರ ಮಾತುಗಳನ್ನೆಲ್ಲ ಒಂದಕ್ಷರ ಬಿಡದೆ ಹೇಳಿದಳು, ಜನ ಮರ್ಯಾದೆಯಿಂದ ಕೆಮ್ಮುತ್ತ ಕೇಳಿದರು. ಪ್ಯಾರಿಸ್ಸಿನ ಪ್ರಶಸ್ತಿಯ ಕೊನೆಯ ಭಾಗವೊಂದು ಉಳಿದಿರುವಾಗ ಒಲೆಯ ಮುಂದೆ ಬಂದು ಕುಳಿತಳು. ನನ್ನ ಕೈಯಿಂದ ಬಿಸಿನೀರು ಇಸಿದುಕೊಂಡು ಹಿಟ್ಟಿಗೆ ಹಾಕಿದಳು. ಹಬೆ ಎದ್ದದ್ದು ಹಿಂದಿನ ಸಾಲಿನವರೆಗೂ ಕಂಡಿರಬೇಕು, ಕೆಮ್ಮು ನಿಂತಿತು. ನಾದಿ ಮುಗಿಸಿ ಉಂಡೆ ಕೈಗೆ ತೆಗೆದುಕೊಂಡಳು. ಸರಿಯಾಗಿ ಆಗಲೇ ದೀಪಗಳೆಲ್ಲ ಭಗ್ಗನೆ ಹತ್ತಿದವು. ಸಾಹೇಬರು ಬಂದಿದ್ದರು.

ನಿರೂಪಕ ಮೈಕು ಹಿಡಿದು ರಂಗಕ್ಕೇ ಬಂದ. “ಕಲೆಯ ಹೊಳೆ ಹರಿಯುತ್ತಿರುವ ಈ ಸುಸಂದರ್ಭದಲ್ಲಿ…” ಎಂದು ಶುರು ಮಾಡಿದ. ಹಿಂದೆಯೇ ಕುರ್ಚಿಗಳು ಬಂದವು. ನಾದಿನಿ ಪರಾತ ಎತ್ತಿಕೊಂಡು ಏಳಹೋದಳು. ಕಾರ್ಯದರ್ಶಿ ಓಡಿಬಂದ. “ಮೇಡಮ್, ಏಳಬ್ಯಾಡ್ರಿ, ಅಲ್ಲಾಡಬ್ಯಾಡ್ರಿ. ಹಂಗಽ ಒಲಿ ಮುಂದ ಕುಂದರ್ರಿ. ಫೋಟೋಕ್ಕ ಭಾಳ ಛಲೋ ಕಾಣತೈತಿ!”

ಅವಳು ಕುಳಿತಳು. ಉಂಡೆಯನ್ನು ಎರಡೂ ಅಂಗೈಗಳಿಂದ ಮುಚ್ಚಿಕೊಂಡು ಕುಳಿತಳು.

ಅತಿಥಿ ಮೈಕಿನ ಮುಂದೆ ನಿಂತರು. ಅವರ ಬೂಟು ಪರಾತಕ್ಕೆ ಒಂದು ಗೇಣು ದೂರ. “ನನಗ ಚಿತ್ರಕಲಾ ಏನೂ ತಿಳಿಯಂಗಿಲ್ಲ,” ಎಂದು ಮೊದಲೇ ಹೇಳಿದರು. ಅಲ್ಲಿಗೇ ನಿಲ್ಲಿಸಿದ್ದರೆ ಅವರಷ್ಟು ಸತ್ಯವಂತರು ಇರುತ್ತಿರಲಿಲ್ಲ. ಮುಂದೆ ಅದನ್ನೇ ಬಹಳ ಹೊತ್ತು ಸಾಧಿಸಿ ತೋರಿಸಿದರು. ಆ ಚಿತ್ರಕಾರನನ್ನು ಒಮ್ಮೆ ರೈಲು ನಿಲ್ದಾಣದಲ್ಲಿ ದೂರದಿಂದ ಕಂಡಿದ್ದರಂತೆ, ಅವನು ಇವರ ಕಡೆ ನೋಡಿದಂತಾಯಿತಂತೆ. ಆ ನೋಟದಿಂದಲೇ ಇವರು ಬದುಕಿನಲ್ಲಿ ಇಷ್ಟು ಮೇಲೆ ಬಂದರಂತೆ. ತಮ್ಮ ಹೆಂಡತಿಯೂ ರೊಟ್ಟಿ ಭಾಳ ಛಲೋ ಮಾಡುತ್ತಾಳೆ ಎಂದರು. ಚಪ್ಪಾಳೆ ಬಿತ್ತು. ಹೆಂಡತಿ ಬಂದಿರಲಿಲ್ಲ, ಮನೆಯಲ್ಲಿ ಅದನ್ನೇ ಮಾಡುತ್ತಿದ್ದಿರಬೇಕು.

ಆಮೇಲೆ ಅತಿಥಿಗೆ ಶಾಲು. ಅಧ್ಯಕ್ಷರಿಗೆ ಶಾಲು. ಪ್ರಾಧ್ಯಾಪಕರಿಗೆ ಶಾಲು, ಮೇಲೊಂದು ಪೇಟಾ, ಅವರೂ ಮಾತಾಡಿದರು. ಚಿತ್ರಕಾರನ ಬಗ್ಗೆ ಸ್ವಲ್ಪ, ತಾವು ಅವನ ಬಗ್ಗೆ ಬರೆಯಲು ಪಟ್ಟ ಪಾಡಿನ ಬಗ್ಗೆ ಬಹಳ. ಕಟ್ಟಕಡೆಗೆ ಯಾರಿಗೋ ನಾದಿನಿಯ ನೆನಪಾಯಿತು. ಕುಳಿತವಳ ಹೆಗಲಿಗೆ ಬಗ್ಗಿ ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಇಡಲು ಜಾಗ ಸಾಲದೆ ಒಲೆಯ ಮೇಲಿನ ಹಂಚಿನಲ್ಲೇ ಇಟ್ಟರು. ಕೆಂಪು ಬೆಳಕಿನಲ್ಲಿ ಮೋಸಂಬಿಗಳು ಬೇಯುತ್ತಿರುವಂತೆ ಕಂಡವು.

ನಾನು ಥರ್ಮಾಸು ಮುಟ್ಟಿ ನೋಡಿದೆ. ಮುಚ್ಚಳ ಸಡಿಲಾಗಿತ್ತೋ ಏನೋ, ನೀರು ಉಗುರು ಬೆಚ್ಚಗೂ ಉಳಿದಿರಲಿಲ್ಲ. ನಾದಿನಿ ನನ್ನ ಕಡೆ ತಿರುಗಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ.

ಸಾಹೇಬರಿಗೆ ಇನ್ನೊಂದು ಸನ್ಮಾನಕ್ಕೆ ಹೊತ್ತಾಗಿತ್ತು. ಬಂದಷ್ಟೇ ಗದ್ದಲದಿಂದ ಎದ್ದು ಹೋದರು, ಮುಂದಿನ ಸಾಲಿನ ಅರ್ಧ ಜನ ಅವರ ಹಿಂದೆ ಹೋದರು. ಕುರ್ಚಿ ತೆಗೆಯುವ ಸಪ್ಪಳದಲ್ಲಿ ಪ್ರಾಧ್ಯಾಪಕರು ಪೇಟಾ ಸಮೇತ ನನ್ನ ಪಕ್ಕಕ್ಕೆ ಬಂದು ನಿಂತು, ರಂಗದ ಕಡೆ ಪಿಸುಗುಟ್ಟಿದರು: “ಮೇಡಮ್, ಹಾಲ್ ಬಿಟ್ಟುಕೊಡೂ ವ್ಯಾಳ್ಯಾ ಆಗ್ಲಿಕತ್ತದ. ರೊಟ್ಟಿ ಬಿಡ್ರಿ. ಸೀದಾ ಪ್ಯಾರಿಸ್ಸಿನ ಪ್ರಶಸ್ತಿಗೆ ಹೋಗ್ರಿ. ಪ್ಯಾರಿಸ್ಸು!”

ದೀಪ ಆರಿ, ಒಲೆಯ ಕೆಂಪು ಬೆಳಕೊಂದೇ ಉಳಿಯಿತು. ನಾದಿನಿ ಹಣ್ಣಿನ ಬುಟ್ಟಿಯನ್ನು ಬದಿಗಿಟ್ಟಳು. ಹಂಚು ವಾರೆಯಾಗಿತ್ತು. ಹೆಗಲ ಮೇಲಿನ ಸನ್ಮಾನದ ಶಾಲು ತೆಗೆದು, ಎರಡು ಮಡಿಕೆ ಮಾಡಿ, ಮಸಿಬಟ್ಟೆಯ ಹಾಗೆ ಅದರಿಂದ ಹಂಚಿನ ಅಂಚು ಹಿಡಿದು ನೆಟ್ಟಗೆ ಮಾಡಿದಳು. ಜನ ನಕ್ಕರು. ಪ್ರಾಧ್ಯಾಪಕರು ತಮ್ಮ ಶಾಲನ್ನು ಬಿಗಿಯಾಗಿ ಹಿಡಿದುಕೊಂಡರು.

ಆಮೇಲೆ ಬಡಿಯತೊಡಗಿದಳು. ತಟ್, ತಟ್, ತಟ್. ತಾಲೀಮಿನಲ್ಲಿ ಈ ರೊಟ್ಟಿ ಚಂದ್ರನಂತೆ ದುಂಡಗೆ ಬರುತ್ತಿತ್ತು, ಸೀಳಿದ ಕತೆಯನ್ನು ಅವಳು ಬಾಯಿಂದ ಹೇಳುತ್ತಿದ್ದಳು ಅಷ್ಟೇ. ಅಂದು ನಾಲ್ಕು ಏಟಿಗೇ ಅಂಚೆಲ್ಲ ಬಿರಿಯಿತು. ಅವಳು ನಿಲ್ಲಿಸಿ ಅದನ್ನೇ ನೋಡಿದಳು.

“ಅವತ್ತೂ ಹಿಂಗಽ ಆಗಿತ್ತು,” ಅಂದಳು. ಅದು ಬರೆದಿಟ್ಟ ಮಾತಾಗಿರಲಿಲ್ಲ. “ಅಲ್ಲಾಡಬ್ಯಾಡ ಅಂದ್ರು. ಹಂಗಽ ಕುಂದರು, ಛಲೋ ಕಾಣತಿ ಅಂದ್ರು. ಕುಂತೆ. ದೊಡ್ಡವರ ಕೆಲಸ ಮುಗಿಯೂತನಕಾ ಹಿಟ್ಟು ಕಾಯತೈತೇನ್ರಿ?”

ಹಿಂದಿನಿಂದ ಯಾವಳೋ ಹಿರಿಯ ಹೆಂಗಸು ತಡೆಯಲಾರದೆ ಕೂಗಿದಳು, “ಯವ್ವಾ, ಇನ್ನೊಂಚೂರು ಎಸರು ಹಾಕಿ ನಾದಬಾರದೇನ!”

“ಎಸರಿಗೆ ಏಳಗೊಡಲಿಲ್ಲ ಯಕ್ಕಾ!” ಎಂದಳು ನಾದಿನಿ, ಕಣ್ಣೆತ್ತದೆ.

ಸಭಾಭವನ ಹೋ ಎಂದಿತು. ಹೆಂಗಸರಿದ್ದ ಬದಿಯಿಂದ ಎದ್ದ ನಗು ನಿಲ್ಲುವುದಕ್ಕೇ ಬಹಳ ಹೊತ್ತು ಬೇಕಾಯಿತು. ಅವಳು ಸೀಳಿದ ರೊಟ್ಟಿಯನ್ನು ಎತ್ತಿದಳು, ಅದು ಕೈಯಲ್ಲೇ ಎರಡಾಗಿ ಜೋತಿತು. “ಚಿತ್ರದಾಗಿನ ರೊಟ್ಟಿ ಇನ್ನೂ ದುಂಡಗ ಐತಿ. ಅದನ್ನ ಹೊರದೇಶದ ಮಂದಿ ನೋಡ್ತಾರ. ಇದನ್ನ ನಾ ಒಬ್ಬಾಕಿನಽ ಉಂಡೆ.” ಎರಡು ತುಂಡನ್ನೂ ಹಂಚಿನ ಮೇಲಿಟ್ಟು ಕೈ ಝಾಡಿಸಿದಳು. ಪ್ರಾಧ್ಯಾಪಕರು “ಪ್ಯಾರಿಸ್, ಪ್ಯಾರಿಸ್” ಎನ್ನುತ್ತಲೇ ಇದ್ದರು. ಅವಳು ಎದ್ದು ನಿಂತು ಕೈಮುಗಿದಳು. ಪರದೆ ಬಿತ್ತು. ಚಿತ್ರಕಾರನಿಗೆ ಅಂದು ಪ್ರಶಸ್ತಿ ಸಿಗಲೇ ಇಲ್ಲ.

ಮುಂದಿನ ಭಾನುವಾರ ಅವಳು ಪರಾತ, ಹಲಗೆ ವಾಪಸು ಕೊಡಲು ನಮ್ಮ ಮನೆಗೆ ಬಂದಿದ್ದಳು. ನಾನು ಅಡಿಗೆಗೆ ನಿಂತಿದ್ದೆ. ಅವಳಿಗೆ ಪ್ರಾಧ್ಯಾಪಕರ ಫೋನು ಬಂತು. ಬದನೆಕಾಯಿ ಹೆಚ್ಚುತ್ತಿದ್ದವಳು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟಳು.

“ಮೇಡಮ್, ಹುಬ್ಬಳ್ಳ್ಯಾಗ ಪ್ರಯೋಗ ಇಟ್ಕೊಂಡಾರ. ಆ ರೊಟ್ಟಿ ಸೀಳೂದನ್ನ ನಾನು ಕೃತಿಯೊಳಗ ಸೇರಿಸೇನಿ. ಅದು ನನಗ ಮೊದಲಿಂದ ಮನಸಿನ್ಯಾಗ ಇತ್ತು. ಪ್ರತೀಕ ಭಾಳ ಗಟ್ಟಿ ಬಂದದ. ಪ್ರತಿ ಪ್ರಯೋಗದಾಗೂ ಹಂಗಽ ಸೀಳಬೇಕು ನೋಡ್ರಿ.”

“ಸೀಳತೈತಿ ತಗೋರಿ ಸರ್. ಹಿಟ್ಟು ನಾದಿದ ಮ್ಯಾಲ ನೀವು ಬಂದು ಒಂದು ತಾಸು ಭಾಷಣಾ ಮಾಡ್ರಿ, ತಾನಽ ಸೀಳತೈತಿ.”

ಸಿಟ್ಟಾದರೇನೋ ಎಂದುಕೊಂಡೆ.

“ಒಂದು ತಾಸು ಬೇಕಾಗ್ತದೇನ್ರಿ?” ಅಂದರು ಅವರು. “ಅರ್ಧಾ ತಾಸಿನ್ಯಾಗ ಆಗಂಗಿಲ್ಲ?”

ನಾದಿನಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಒಲೆಯ ಮೇಲೆ ನನ್ನ ಎಸರು ಮರಳುತ್ತಿತ್ತು. “ಫೋನ್ ಇಡವಾ ಲಗೂನ,” ಅಂದೆ, “ಹಿಟ್ಟು ನಾದಾಕತ್ತೇನಿ.”