ಬೀರ್ ಆಗುವುದಕ್ಕಿಂತ ಮೊದಲು

ಗೋಕುಲ ರಸ್ತೆಯಲ್ಲಿ ಬೀರನ್ನು ಅಲ್ಲೇ ತಯಾರಿಸಿ ಕೊಡುವ ಹೋಟೆಲೊಂದಿದೆ. ಅದರ ಕೂಲಿಂಗ್ ಯಂತ್ರ ಕೆಟ್ಟಿತೆಂದು ರಿಪೇರಿಗೆ ಹೋಗಿದ್ದೆ. ಅಲ್ಲಿ ಬೀರ್ ತಯಾರಿಸುವವಳು ಸವಿತಾ, ಅಮ್ಮಿನಬಾವಿಯ ಹುಡುಗಿ. ನಾನು ಯಂತ್ರ ಬಿಚ್ಚುತ್ತಿರುವಾಗಲೇ ಅವಳ ಅಪ್ಪ ಹೇಳದೆ ಕೇಳದೆ ಬಂದುಬಿಟ್ಟರು. ಕುಡಿತ ಮುಟ್ಟಿದವರಲ್ಲ, ಮಗಳು ಯಾವುದೋ ತಿಂಡಿ ಫ್ಯಾಕ್ಟರಿಯಲ್ಲಿದ್ದಾಳೆಂದು ನಂಬಿದ್ದವರು.

ಹೊಳೆಯುವ ಸ್ಟೀಲ್ ಹಂಡೆಗಳನ್ನು ಒಂದೊಂದಾಗಿ ನೋಡಿ, "ಊರಾಗ ಏನಂತ ಹೇಳ್ಲಿ ನಾ?" ಎಂದರು.

ಸವಿತಾ ಒಂದು ಹಂಡೆಯಿಂದ ಬಿಸಿ ಕಂದು ರಸ ಬಸಿದು, ಆರಿಸಿ, ಅವರಿಗೊಂದು ನನಗೊಂದು ಗ್ಲಾಸ್ ಕೊಟ್ಟಳು.

"ಇದಿನ್ನೂ ಬೀರ್ ಆಗಿಲ್ರಿ ಅಪ್ಪಾ. ಮೊಳಕೆ ಬರಿಸಿದ ಬಾರ್ಲಿ ನೆನಸಿದ ನೀರಷ್ಟ. ಅಮಲು ಇಲ್ಲ, ಕುಡೀರಿ."

ಅವರು ಅನುಮಾನದಿಂದಲೇ ಒಂದು ಗುಟುಕು ಕುಡಿದರು. ಹುಬ್ಬು ಮೇಲೇರಿತು.

"ಬೆಲ್ಲ ಹಾಕೀಯೇನ?"

"ಇಲ್ರಿ, ಅದು ಕಾಳಿನ ಸಿಹಿನ."

"ಇಷ್ಟು ಛಲೋ ಐತಿ. ಹಿಂಗ ಮಾರಾಕ ಏನ್ ಧಾಡಿ ನಿಮಗ?"

"ಹಿಂಗ ಕೊಟ್ರ ಯಾರೂ ಎರಡನೇ ಗ್ಲಾಸ್ ಕೇಳಂಗಿಲ್ರಿ."

ಅಪ್ಪ ಉಳಿದದ್ದನ್ನೂ ಕುಡಿದು ಖಾಲಿ ಗ್ಲಾಸನ್ನು ಮಗಳತ್ತ ಚಾಚಿದರು. ಸವಿತಾ ನಗುತ್ತಲೇ ಕಣ್ಣೊರೆಸಿಕೊಂಡಳು. ನಾನೂ ಗ್ಲಾಸ್ ಚಾಚಿದೆ, ಆದರೆ ಬೀರ್ ಬರುವ ನಳದ ಕಡೆಗೆ.